ವಲಸೆಗೆ ಮುನ್ನ ಆಸ್ತಿ, ತೆರಿಗೆ, ಉಯಿಲು

ಅಮೆರಿಕದಲ್ಲಿ ನೆಲೆಸಲು ಹೋಗುವವರನ್ನು ಆ ದೇಶದ ತೆರಿಗೆ ಕಾನೂನು ಒಂದು ಗೊತ್ತಾದ ದಿನದಿಂದ ತನ್ನ ನಿವಾಸಿಗಳ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅಂದಿನಿಂದ ಅವರಿಗೆ ಜಗತ್ತಿನ ಯಾವ ಮೂಲೆಯಿಂದ ಆದಾಯ ಬಂದರೂ ಅದನ್ನು ಅಲ್ಲಿ ತೋರಿಸಬೇಕು. ಜಯನಗರದ ಮನೆಯ ಬಾಡಿಗೆ, ಶಿರಸಿಯ ತೋಟದ ಅಡಿಕೆ ದುಡ್ಡು, ಊರಿನ ಸಹಕಾರಿ ಬ್ಯಾಂಕಿನ ಠೇವಣಿಗೆ ಬಂದ ಬಡ್ಡಿ, ಎಲ್ಲವೂ ಅದರೊಳಗೆ ಬಂದವು. ಆ ದಿನಕ್ಕೆ ಮೊದಲು ಮಾರಿದ್ದರೆ ಅಮೆರಿಕಕ್ಕೆ ಒಂದು ಡಾಲರನ್ನೂ ಕೊಡಬೇಕಿರದ ಸೈಟನ್ನು ಆಮೇಲೆ ಮಾರಿದರೆ, ಇಪ್ಪತ್ತು ವರ್ಷದಿಂದ ಬೆಳೆದ ಅಷ್ಟೂ ಲಾಭ ಅಲ್ಲಿನ ಲೆಕ್ಕಕ್ಕೆ ಹೋಗುತ್ತದೆ. ವಲಸೆಗೆ ಮುಂಚಿನ ತೆರಿಗೆ ಯೋಜನೆಯ ಬಹುಪಾಲು ನಿಂತಿರುವುದು ಈ ಒಂದು ದಿನದ ಮೇಲೆ.

ಇದೆಲ್ಲ ಕೋಟ್ಯಧಿಪತಿಗಳ ಚಿಂತೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕೋಟ್ಯಧಿಪತಿಗಳಿಗೆ ಎರಡೂ ದೇಶದಲ್ಲಿ ವಕೀಲರಿರುತ್ತಾರೆ, ಸಿಕ್ಕಿಬೀಳುವವರು ಸಂಬಳದವರು. ಬೆಂಗಳೂರಿನ ಒಬ್ಬ ನಡುವಯಸ್ಸಿನ ಎಂಜಿನಿಯರ್ ಬಳಿ ಏನಿರುತ್ತದೆ ನೋಡಿ. ಸಾಲದ ಮೇಲೆ ಕೊಂಡ ಫ್ಲಾಟು, ಪಿಎಫ್, ಪಿಪಿಎಫ್, ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ, ಅಪ್ಪ ಮಾಡಿಸಿಕೊಟ್ಟ ಎಲ್‌ಐಸಿ ಪಾಲಿಸಿ, ಅಮ್ಮನ ಎಫ್‌ಡಿಯಲ್ಲಿ ಎರಡನೆಯ ಹೆಸರು, ಊರಿನ ಜಮೀನಿನಲ್ಲಿ ಇನ್ನೂ ಭಾಗವಾಗದ ಹಿಸ್ಸೆ, ಕಂಪನಿ ಕೊಟ್ಟ ಒಂದಿಷ್ಟು ಅಮೆರಿಕದ ಷೇರು. ಇದರಲ್ಲಿ ಐಷಾರಾಮದ್ದು ಒಂದೂ ಇಲ್ಲ. ಆದರೆ ಅಮೆರಿಕದ ಕಾನೂನು ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ಕಣ್ಣಿನಿಂದ ನೋಡುತ್ತದೆ, ಬೇರೆ ಬೇರೆ ಫಾರಂ ಕೇಳುತ್ತದೆ.

ತೆರಿಗೆಯ ಲೆಕ್ಕಕ್ಕೆ ನಿವಾಸಿಯಾಗುವ ಆ ದಿನ ಯಾವುದೆಂಬುದನ್ನು ನಿರ್ಧರಿಸುವುದು ವೀಸಾ. ಗ್ರೀನ್ ಕಾರ್ಡ್ ಪಡೆದು ಹೋಗುವವರಿಗೆ ಆ ನೆಲಕ್ಕೆ ಕಾಲಿಟ್ಟ ಮೊದಲ ದಿನವೇ. ಎಚ್-1ಬಿ, ಎಲ್-1 ವೀಸಾದವರಿಗೆ ದಿನಗಳ ಎಣಿಕೆ ಇದೆ: ಆ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು, ಜೊತೆಗೆ ಈ ವರ್ಷದ ಅಷ್ಟೂ ದಿನ, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಕೂಡಿದಾಗ 183 ಮುಟ್ಟಬೇಕು. ಎಫ್-1 ವಿದ್ಯಾರ್ಥಿಗಳ ದಿನಗಳು ಸಾಮಾನ್ಯವಾಗಿ ಮೊದಲ ಐದು ವರ್ಷ ಈ ಎಣಿಕೆಗೆ ಸೇರುವುದಿಲ್ಲ. ಎಚ್-1ಬಿ ಮೇಲೆ ಮೊದಲ ಬಾರಿಗೆ ಆಗಸ್ಟ್ 1ರಂದು ಅಲ್ಲಿಗೆ ಹೋಗಿ ಇಳಿದವರಿಗೆ ಡಿಸೆಂಬರ್ 31ಕ್ಕೆ ಆಗುವುದು 153 ದಿನ. ಆ ವರ್ಷ ಅವರು ನಿವಾಸಿಯಾಗುವುದಿಲ್ಲ. ಅಲ್ಲೇ ಮುಂದುವರಿದರೆ ಮರುವರ್ಷದ ಜನವರಿ 1ರಿಂದ ಆಗುತ್ತಾರೆ. ಊರಿನ ವ್ಯವಹಾರ ಮುಗಿಸಿಕೊಳ್ಳಲು ಅವರಿಗೆ ಐದು ತಿಂಗಳು ಹೆಚ್ಚುವರಿಯಾಗಿ ಸಿಕ್ಕಿದ ಹಾಗಾಯಿತು.

ಈ ಐದು ತಿಂಗಳನ್ನು ಕೈಯಾರೆ ಕಳೆದುಕೊಳ್ಳುವ ದಾರಿಯೂ ಒಂದಿದೆ, ಅದರಲ್ಲಿ ಬೀಳುವವರು ಬಹಳ. ಮೊದಲ ವರ್ಷದ ರಿಟರ್ನ್ ಸಲ್ಲಿಸುವಾಗ ಗಂಡ ಹೆಂಡತಿ ಸೇರಿ ಒಟ್ಟಿಗೆ ಸಲ್ಲಿಸಿದರೆ ತೆರಿಗೆ ಕಡಿಮೆಯಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ, ಸಾಫ್ಟ್‌ವೇರ್ ಕೂಡ ಹೇಳುತ್ತದೆ. ಅದಕ್ಕೆ ಮಾಡುವ ಆಯ್ಕೆಯ ಷರತ್ತು ಏನೆಂದರೆ, ದಂಪತಿ ಇಬ್ಬರೂ ಇಡೀ ವರ್ಷ ಅಮೆರಿಕದ ನಿವಾಸಿಗಳೆಂದು ಒಪ್ಪಿಕೊಳ್ಳಬೇಕು. ಒಪ್ಪಿದರೆ ಜನವರಿಯಿಂದ ಜುಲೈವರೆಗೆ ಬೆಂಗಳೂರಿನಲ್ಲಿ ಪಡೆದ ಸಂಬಳವೂ, ಮೇ ತಿಂಗಳಲ್ಲಿ ಮಾರಿದ ಸೈಟಿನ ಲಾಭವೂ ಅಲ್ಲಿನ ಲೆಕ್ಕದೊಳಗೆ ಬರುತ್ತವೆ. ಊರಿನಲ್ಲಿ ಏನನ್ನೂ ಮಾರದವರಿಗೆ ಈ ಆಯ್ಕೆ ಲಾಭದ್ದೇ ಇರಬಹುದು. ಮಾರಿದವರು ಎರಡೂ ರೀತಿ ಲೆಕ್ಕ ಹಾಕಿಸಿ ನೋಡದೆ ಸಹಿ ಹಾಕಬಾರದು.

ಭಾರತದ ಕಡೆಯ ಪಂಚಾಂಗವೇ ಬೇರೆ. ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಉದ್ಯೋಗಕ್ಕಾಗಿ ದೇಶ ಬಿಟ್ಟ ವರ್ಷ ಇಲ್ಲಿ 182 ದಿನ ತುಂಬದಿದ್ದರೆ ಆ ವರ್ಷವಿಡೀ, ಅಂದರೆ ಏಪ್ರಿಲ್ 1ರಿಂದಲೇ, ಅವರು ಅನಿವಾಸಿ. ಆಗಸ್ಟ್‌ನಲ್ಲಿ ಹೊರಟವರು ಜೂನ್‌ನಲ್ಲಿ ಮಾಡಿದ ಮಾರಾಟವೂ ಅನಿವಾಸಿಯ ಮಾರಾಟವೇ ಆಗುತ್ತದೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ: 2024ರ ಜುಲೈ 23ಕ್ಕೆ ಮುಂಚೆ ಕೊಂಡ ನಿವೇಶನ, ಮನೆ ಮಾರುವಾಗ ಹಣದುಬ್ಬರ ಸೂಚ್ಯಂಕ ಬಿಟ್ಟು 12.5% ಕಟ್ಟುವುದೋ, ಸೂಚ್ಯಂಕ ಸೇರಿಸಿ 20% ಕಟ್ಟುವುದೋ ಎಂಬ ಆಯ್ಕೆ ಇರುವುದು ನಿವಾಸಿಗಳಿಗೆ ಮಾತ್ರ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ; ಕಲಮುಗಳ ಸಂಖ್ಯೆ ಬದಲಾಗಿದೆ, ನಿವಾಸದ ಈ ಮೂಲ ನಿಯಮ ಹಾಗೇ ಇದೆ.

ಒಂದು ಸೈಟನ್ನು ಹಿಡಿದು ಲೆಕ್ಕ ಹಾಕೋಣ. 2005ರಲ್ಲಿ ಮೈಸೂರಿನಲ್ಲಿ 8.8 ಲಕ್ಷಕ್ಕೆ ಕೊಂಡದ್ದು ಎಂದಿಟ್ಟುಕೊಳ್ಳಿ. ಆಗ ಡಾಲರಿಗೆ ಸುಮಾರು 44 ರೂಪಾಯಿ, ಅಂದರೆ 20,000 ಡಾಲರ್. ಈಗ 51 ಲಕ್ಷಕ್ಕೆ ಮಾರಿದರೆ, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ, 60,000 ಡಾಲರ್. ರೂಪಾಯಿ ಲಾಭ 42.2 ಲಕ್ಷ. ಅನಿವಾಸಿಯಾಗಿ ಮಾರಿದರೆ 12.5% ತೆರಿಗೆ, 4% ಸೆಸ್ ಸೇರಿ ಸುಮಾರು 5.49 ಲಕ್ಷ. ನಿವಾಸಿಯಾಗಿ 2025-26ರಲ್ಲಿ ಮಾರಿದ್ದರೆ ಸೂಚ್ಯಂಕ 117ರಿಂದ 376ಕ್ಕೆ ಏರಿದ್ದರಿಂದ ಕೊಂಡ ಬೆಲೆ 28.28 ಲಕ್ಷವೆಂದು ಲೆಕ್ಕವಾಗಿ, 20% ಮತ್ತು ಸೆಸ್ ಸೇರಿ ಸುಮಾರು 4.73 ಲಕ್ಷ. ಉಳಿತಾಯ ಮುಕ್ಕಾಲು ಲಕ್ಷ. ಇನ್ನು ಅಮೆರಿಕದ ನಿವಾಸಿಯಾದ ಮೇಲೆ ಮಾರಿದರೆ ಅವರ ಲೆಕ್ಕದಲ್ಲಿ ಲಾಭ 40,000 ಡಾಲರ್. ಕೇಂದ್ರದ 15% ದರದಲ್ಲಿ 6,000 ಡಾಲರ್ ಆಗುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆ ಅದಕ್ಕಿಂತ ತುಸು ಹೆಚ್ಚೇ ಇರುವುದರಿಂದ ಅಲ್ಲಿ ವಜಾ ಸಿಕ್ಕಿ ಕೊಡಬೇಕಾದದ್ದು ಬಹುಶಃ ಏನೂ ಉಳಿಯುವುದಿಲ್ಲ. ಇಷ್ಟು ಹೇಳಿ ನಿಲ್ಲಿಸುವ ಸಲಹೆಗಾರರಿದ್ದಾರೆ. ಆದರೆ ರಾಜ್ಯದ ತೆರಿಗೆ ಬಾಕಿ ಇದೆ. ಕ್ಯಾಲಿಫೋರ್ನಿಯಾ ವಿದೇಶದಲ್ಲಿ ಕಟ್ಟಿದ ಆದಾಯ ತೆರಿಗೆಗೆ ವಜಾ ಕೊಡುವುದಿಲ್ಲ, ಕೇಂದ್ರ ಸರ್ಕಾರ ಮಾಡಿಕೊಂಡ ತೆರಿಗೆ ಒಪ್ಪಂದಕ್ಕೂ ಅದು ಬದ್ಧವಲ್ಲ. 9.3% ಹಂತದಲ್ಲಿರುವ ಒಬ್ಬರು ಅಲ್ಲಿ 3,720 ಡಾಲರ್, ಮೂರು ಲಕ್ಷ ರೂಪಾಯಿಗೂ ಮೇಲ್ಪಟ್ಟು, ಎರಡನೇ ಬಾರಿ ಕಟ್ಟುತ್ತಾರೆ. ಆದಾಯ ಹೆಚ್ಚಿದ್ದವರಿಗೆ ಕೇಂದ್ರದ 3.8% ಹೂಡಿಕೆ ತೆರಿಗೆಯೂ ಸೇರುತ್ತದೆ. ಟೆಕ್ಸಾಸ್, ಫ್ಲೋರಿಡಾದಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ. ಯಾವ ಊರಿಗೆ ಹೋಗುತ್ತೀರಿ ಎಂಬುದು ಮೈಸೂರಿನ ಸೈಟಿನ ತೆರಿಗೆಯನ್ನೂ ಬದಲಿಸುತ್ತದೆ.

ಎಲ್ಲ ದೇಶಗಳೂ ಇಷ್ಟು ಕಟ್ಟುನಿಟ್ಟಲ್ಲ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆಗೇ ಆಸ್ತಿಯನ್ನು ಕೊಂಡಂತೆ ಎಣಿಸುತ್ತಾರೆ. ಅದಕ್ಕೆ ಮುಂಚಿನ ಲಾಭ ಅವರಿಗೆ ಬೇಡ, ಆಮೇಲೆ ಬೆಳೆದದ್ದು ಮಾತ್ರ ಬೇಕು. ಹಾಗಾಗಿ ಟೊರಾಂಟೊಗೋ ಮೆಲ್ಬರ್ನ್‌ಗೋ ಹೊರಟವರು ಮಾರುವ ಅವಸರ ಪಡಬೇಕಾಗಿಲ್ಲ. ನೋಂದಾಯಿತ ಮೌಲ್ಯಮಾಪಕರಿಂದ ಆ ದಿನಾಂಕದ ಬೆಲೆಯ ವರದಿ ಪಡೆದು ಇಟ್ಟುಕೊಳ್ಳಬೇಕು. ಹತ್ತು ವರ್ಷದ ಮೇಲೆ ಹಿಂದಿನ ಬೆಲೆ ಸಾಬೀತು ಮಾಡುವುದು ಕಷ್ಟ. ಕೆನಡಾದಲ್ಲಿ ಪ್ರತ್ಯೇಕ ಮರಣ ತೆರಿಗೆ ಇಲ್ಲ, ಆದರೆ ಸತ್ತ ದಿನ ಆಸ್ತಿಯನ್ನೆಲ್ಲ ಮಾರಿದಂತೆ ಎಣಿಸಿ ಲಾಭಕ್ಕೆ ತೆರಿಗೆ ಹಾಕುತ್ತಾರೆ. ಬ್ರಿಟನ್ ವಿದೇಶಿ ಆದಾಯಕ್ಕೆ ರಿಯಾಯಿತಿ ಕೊಡುತ್ತಿದ್ದ ತನ್ನ ಹಳೆಯ ನಾನ್-ಡಾಮ್ ಪದ್ಧತಿಯನ್ನು 2025ರ ಏಪ್ರಿಲ್ 6ರಿಂದ ಕೈಬಿಟ್ಟಿತು. ಈಗ ಅಲ್ಲಿ ಹತ್ತು ವರ್ಷ ನಿವಾಸಿಯಾಗಿರದೆ ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ವಿದೇಶದ ಆದಾಯ, ಲಾಭಕ್ಕೆ ವಿನಾಯಿತಿ ಇದೆ. ಹಿಂದಿನ 20 ವರ್ಷಗಳಲ್ಲಿ 10 ವರ್ಷ ಅಲ್ಲಿದ್ದವರ ಜಾಗತಿಕ ಆಸ್ತಿ 40% ವಾರಸು ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಅಮೆರಿಕವಾದರೋ ಆದಾಯ ತೆರಿಗೆಯ ಲೆಕ್ಕಕ್ಕೆ ನೀವು ಎಂದೋ ಕೊಂಡ ಬೆಲೆಯನ್ನೇ ಹಿಡಿಯುತ್ತದೆ. ಹೊಸಬರಿಗೆ ಇದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ನಾಡಿನಲ್ಲಿ ಕಾಲಿಡುವ ಮೊದಲೇ ಬೆಳೆದ ಬೆಲೆಗೆ ಅಲ್ಲಿನ ರಸ್ತೆ, ಶಾಲೆಗಳ ಋಣವಿಲ್ಲ. ಆದರೆ ಕಾನೂನು ಇರುವುದು ಹಾಗೆ.

ಸೈಟಿಗಿಂತ ಹೆಚ್ಚು ಕಾಡುವುದು ಮ್ಯೂಚುವಲ್ ಫಂಡು. 1986ರ ತೆರಿಗೆ ಸುಧಾರಣೆಯಲ್ಲಿ ಅಮೆರಿಕ ತನ್ನ ಪ್ರಜೆಗಳು ವಿದೇಶಿ ನಿಧಿಗಳಲ್ಲಿ ಹಣವಿಟ್ಟು ತೆರಿಗೆ ಮುಂದೂಡುವುದನ್ನು ತಡೆಯಲು ಪಿಎಫ್‌ಐಸಿ ಎಂಬ ನಿಯಮ ತಂದಿತು. ನಮ್ಮ ಭಾರತೀಯ ಮ್ಯೂಚುವಲ್ ಫಂಡುಗಳು ಸಾಮಾನ್ಯವಾಗಿ ಅದರ ಬಲೆಗೆ ಬೀಳುತ್ತವೆ. ಅಲ್ಲಿ ನಿವಾಸಿಯಾದ ಮೇಲೆ ಮಾರಿದರೆ ಲಾಭವನ್ನು ಇಟ್ಟುಕೊಂಡಿದ್ದ ವರ್ಷಗಳಿಗೆಲ್ಲ ಹಂಚಿ, ನಿವಾಸಿಯಾಗಿ ಕಳೆದ ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಗರಿಷ್ಠ ದರ (ಈಗ 37%) ಹಾಕಿ, ಅದರ ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಪ್ರತಿ ಫಂಡಿಗೂ ಬೇರೆ ಬೇರೆ 8621 ಫಾರಂ. ಐದು ಎಸ್‌ಐಪಿ ಇದ್ದವರು ಲೆಕ್ಕಿಗರಿಗೆ ಕೊಡುವ ಫೀಸು ಕೆಲವೊಮ್ಮೆ ಲಾಭಕ್ಕಿಂತ ಹೆಚ್ಚಾಗುತ್ತದೆ. ವರ್ಷ ವರ್ಷ ಮಾರುಕಟ್ಟೆ ಬೆಲೆಗೆ ತೆರಿಗೆ ಕಟ್ಟುವ ಇನ್ನೊಂದು ದಾರಿ ಇದೆ, ಅದೂ ಸುಲಭವಲ್ಲ. ಹೊರಡುವ ಮುನ್ನ ಇಕ್ವಿಟಿ ಫಂಡುಗಳನ್ನು ಮಾರಿದರೆ ಒಂದು ವರ್ಷ ಮೀರಿದವುಗಳ ಲಾಭದಲ್ಲಿ ಮೊದಲ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಇಲ್ಲಿ 12.5% ಕಟ್ಟಿ ಮುಗಿಯಿತು. ಹೊರಡುವವರಿಗೆ ಒಂದೇ ಒಂದು ಸಲಹೆ ಕೊಡಬೇಕೆಂದರೆ ನಾನು ಇದನ್ನೇ ಕೊಡುತ್ತೇನೆ. ಎಸ್‌ಐಪಿಯ ಬ್ಯಾಂಕ್ ಆದೇಶವನ್ನೂ ನಿಲ್ಲಿಸಿ. ತಾನಾಗಿಯೇ ಕಡಿತವಾಗುತ್ತಾ ಹೋದರೆ ತಿಂಗಳು ತಿಂಗಳು ಹೊಸ ತೊಡಕು ಹುಟ್ಟುತ್ತದೆ. ನೇರವಾಗಿ ಕೊಂಡ ಕಂಪನಿ ಷೇರುಗಳಿಗೆ ಈ ಗೋಜಲು ಸಾಮಾನ್ಯವಾಗಿ ಇಲ್ಲ. ಅವುಗಳನ್ನು ಹೊರಡುವ ಮೊದಲು ಮಾರಿ ಮತ್ತೆ ಕೊಂಡರೆ ಕೊಂಡ ಬೆಲೆ ಹೊಸದಾಗುತ್ತದೆ.

ಪಿಪಿಎಫ್ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಅಲ್ಲಿ ಇದೆ ಎಂಬುದೇ ಹೆಚ್ಚಿನ ಲೆಕ್ಕಿಗರ ನಿಲುವು. ಅನಿವಾಸಿಗಳು ಹೊಸ ಪಿಪಿಎಫ್ ಖಾತೆ ತೆರೆಯುವಂತಿಲ್ಲ, ಹಳೆಯದನ್ನು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಬಹುದು. ನೌಕರರ ಭವಿಷ್ಯನಿಧಿಯನ್ನು ಅಮೆರಿಕ ಹೇಗೆ ಕಾಣಬೇಕೆಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಐದು ವರ್ಷ ಸೇವೆ ತುಂಬಿದವರು ಅದನ್ನು ತೆಗೆದುಕೊಂಡು ಹೋಗುವುದು ಈ ವಾದದಿಂದ ಪಾರಾಗುವ ನೇರ ದಾರಿ. ಅನಿವಾಸಿಗಳ ಎನ್‌ಆರ್‌ಇ ಖಾತೆಯ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ, ತಪ್ಪು ತಿಳಿವಳಿಕೆ ಮಾತ್ರ ಇದೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲವೆಂದು ಬ್ಯಾಂಕಿನವರು ಹೇಳುವುದು ನಿಜ. ಅಮೆರಿಕದಲ್ಲಿ ಪೂರ್ತಿ ಇದೆ. ತೋಟ, ಗದ್ದೆಯ ಆದಾಯವೂ ಹಾಗೇ. ಕೃಷಿ ಆದಾಯಕ್ಕೆ ನಮ್ಮ ಕೇಂದ್ರ ತೆರಿಗೆ ಇಲ್ಲವಾದ್ದರಿಂದ ವಜಾ ಪಡೆಯಲು ಇಲ್ಲಿ ಕಟ್ಟಿದ ತೆರಿಗೆಯೇ ಇರುವುದಿಲ್ಲ, ಅಲ್ಲಿ ಅಷ್ಟನ್ನೂ ಕಟ್ಟಬೇಕು.

ತೆರಿಗೆಗಿಂತ ದಂಡ ದೊಡ್ಡದಾಗುವುದು ಮಾಹಿತಿ ಕೊಡದಿದ್ದಾಗ. ವಿದೇಶಿ ಖಾತೆಗಳ ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ ಒಟ್ಟು 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಅದರ ಬೇರು 1970ರ ಬ್ಯಾಂಕ್ ಗೋಪ್ಯತಾ ಕಾಯ್ದೆಯಲ್ಲಿದೆ. 85ರ ದರದಲ್ಲಿ ಅದು ಎಂಟೂವರೆ ಲಕ್ಷ ರೂಪಾಯಿ. ಅಮ್ಮನ ಎಫ್‌ಡಿಯಲ್ಲಿ ಅನುಕೂಲಕ್ಕೆಂದು ಹಾಕಿಸಿದ ಎರಡನೆಯ ಹೆಸರು ಇಲ್ಲಿ ಎದುರಾಗುತ್ತದೆ: ದುಡ್ಡು ಅಮ್ಮನದೇ, ಬಡ್ಡಿಯೂ ಅಮ್ಮನದೇ, ಆದರೆ ಜಂಟಿ ಖಾತೆಯಾದ್ದರಿಂದ ಪೂರ್ತಿ ಮೊತ್ತ ಮಗನ ವರದಿಯಲ್ಲಿ ಬರಬೇಕು. ಹೊರಡುವ ಮುನ್ನ ಒಂದು ಬೆಳಗ್ಗೆ ಬ್ಯಾಂಕಿಗೆ ಹೋಗಿ ಆ ಹೆಸರು ತೆಗೆಸಿ ನಾಮಿನಿಯಾಗಿ ಬರೆಸಿದರೆ ಕೆಲಸ ಮುಗಿಯುತ್ತದೆ. ಗೊತ್ತಾಗುವುದಿಲ್ಲ ಎಂದು ಸುಮ್ಮನಿರುವ ಕಾಲ ಹೋಯಿತು. 2010ರ ಫ್ಯಾಟ್ಕಾ ಕಾನೂನಿನ ಮೇರೆಗೆ ಭಾರತ 2015ರ ಜುಲೈ 9ರಂದು ಅಮೆರಿಕದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅಲ್ಲಿನ ನಿವಾಸಿಗಳ ಖಾತೆಗಳ ವಿವರ ಇಲ್ಲಿನ ಬ್ಯಾಂಕುಗಳಿಂದಲೇ ಹೋಗುತ್ತಿದೆ.

ಜಮೀನಿನ ಮಾತಿಗೆ ಬಂದರೆ ತೆರಿಗೆಗಿಂತ ಮೊದಲು ನಿಲ್ಲುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು, ಫೆಮಾ. ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಿಟ್ಟ ಮೇಲೆ, ಅನಿವಾಸಿಗಳೂ ಕೊಳ್ಳಬಹುದೆಂದು ತಿಳಿದವರಿದ್ದಾರೆ. ಕೇಂದ್ರದ ನಿರ್ಬಂಧ ಹಾಗೇ ಇದೆ. ಇಲ್ಲಿ ನಿವಾಸಿಯಾಗಿದ್ದಾಗ ಪಡೆದ ಜಮೀನನ್ನು ಇಟ್ಟುಕೊಳ್ಳಬಹುದು, ವಾರಸಾಗಿ ಬಂದದ್ದನ್ನೂ ಪಡೆಯಬಹುದು. ದಾನವಾಗಿ ಮಾತ್ರ ಪಡೆಯುವಂತಿಲ್ಲ. ನಮ್ಮ ಕಡೆ ಅಪ್ಪಂದಿರು ಮಾಡುವುದೇ ಇದನ್ನು: ಮಗ ರಜೆಗೆ ಬಂದಾಗ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ತೋಟವನ್ನು ದಾನಪತ್ರದ ಮೂಲಕ ಬರೆದುಕೊಡುತ್ತಾರೆ. ಪತ್ರ ನೋಂದಣಿಯೂ ಆಗಿಬಿಡುತ್ತದೆ, ತೊಡಕು ಏಳುವುದು ಮಾರುವ ಹೊತ್ತಿಗೆ.

ಮನೆ, ಸೈಟಿನ ವಿಷಯದಲ್ಲಿ ದಾನಪತ್ರಕ್ಕೆ ಅಡ್ಡಿಯಿಲ್ಲ. ಆದರೂ ಮಗ ಅಮೆರಿಕದಲ್ಲಿ ನೆಲೆಸಿದ್ದರೆ ಅಪ್ಪ ಉಯಿಲು ಬರೆಯುವುದೇ ಮೇಲು. ಬದುಕಿರುವಾಗ ದಾನ ಕೊಟ್ಟರೆ ಅಮೆರಿಕದ ಲೆಕ್ಕದಲ್ಲಿ ಅಪ್ಪ ಕೊಂಡ ಹಳೆಯ ಬೆಲೆಯೇ ಮಗನ ಬೆಲೆ. ಅಪ್ಪ ತೀರಿಕೊಂಡ ಮೇಲೆ ವಾರಸಾಗಿ ಬಂದರೆ ಆ ದಿನದ ಮಾರುಕಟ್ಟೆ ಬೆಲೆ ಮಗನ ಬೆಲೆಯಾಗುತ್ತದೆ, ಅಷ್ಟು ವರ್ಷದ ಲಾಭದ ಮೇಲಿನ ಅಮೆರಿಕದ ತೆರಿಗೆ ಹೋಗಿಬಿಡುತ್ತದೆ. ಭಾರತದಲ್ಲಿ ಎರಡೂ ಒಂದೇ, ಹಿಂದಿನ ಮಾಲೀಕರ ಬೆಲೆಯನ್ನೇ ಹಿಡಿಯುತ್ತಾರೆ. ಹಾಗೆ ಪಡೆದದ್ದನ್ನು ಅಮೆರಿಕಕ್ಕೆ ತಿಳಿಸುವ ಹೊಣೆಯೂ ಇದೆ: ವಿದೇಶದಲ್ಲಿರುವ ತಂದೆತಾಯಿಯಿಂದ ದಾನ ಅಥವಾ ವಾರಸಾಗಿ ವರ್ಷಕ್ಕೆ 1,00,000 ಡಾಲರ್ ಮೀರಿ ಬಂದರೆ ತೆರಿಗೆ ಇಲ್ಲದಿದ್ದರೂ 3520 ಫಾರಂ ಕೊಡಬೇಕು. ತಪ್ಪಿದರೆ ತಿಂಗಳಿಗೆ 5%ರಂತೆ 25%ವರೆಗೆ ದಂಡ ಬೀಳಬಹುದು.

ನಮ್ಮ ಜನಕ್ಕೆ ಮರಣ ತೆರಿಗೆ ಎಂಬುದರ ನೆನಪೇ ಉಳಿದಿಲ್ಲ. ಭಾರತದಲ್ಲಿ ಎಸ್ಟೇಟ್ ಸುಂಕ 1985ರ ಮಾರ್ಚ್‌ನಲ್ಲಿ ಕೊನೆಯಾಯಿತು, ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ. ಅಮೆರಿಕದಲ್ಲಿ ದಾನ, ಮರಣ ಎರಡಕ್ಕೂ 40%ವರೆಗೆ ತೆರಿಗೆ ಇದೆ. ಆ ನಾಡನ್ನೇ ಕಾಯಂ ನೆಲೆ ಮಾಡಿಕೊಂಡವರಿಗೆ 2026ರಿಂದ 1.5 ಕೋಟಿ ಡಾಲರಿನವರೆಗೆ ವಿನಾಯಿತಿ ಇರುವುದರಿಂದ ಸಂಬಳದವರು ಹೆದರಬೇಕಿಲ್ಲ. ಹೆದರಬೇಕಾದವರು ನಡುವೆ ಇರುವವರು. ಅಲ್ಲಿ ಕಾಯಂ ನೆಲೆಯಿಲ್ಲದ ವಿದೇಶೀಯರ ಹೆಸರಿನಲ್ಲಿ ಅಮೆರಿಕದ ಕಂಪನಿ ಷೇರು ಇದ್ದರೆ ವಿನಾಯಿತಿ ಬರೀ 60,000 ಡಾಲರ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕುಳಿತು ಅಮೆರಿಕದ ಕಂಪನಿಗಳಿಗೆ ದುಡಿಯುವ ಎಷ್ಟೋ ಮಂದಿಯ ಷೇರು ಖಾತೆ ಈ ಮಿತಿಯನ್ನು ದಾಟಿರುತ್ತದೆ. ಅವರು ವಿಮಾನ ಹತ್ತದೆಯೇ ಈ ತೆರಿಗೆಯ ವ್ಯಾಪ್ತಿಯಲ್ಲಿದ್ದಾರೆ. ಭಾರತ ಮತ್ತು ಅಮೆರಿಕದ ನಡುವೆ ಆದಾಯ ತೆರಿಗೆ ಒಪ್ಪಂದ ಇದೆ, ಮರಣ ತೆರಿಗೆಗೆ ಯಾವ ಒಪ್ಪಂದವೂ ಇಲ್ಲ. ಕಂಪನಿಗಳು ಷೇರು ಹಂಚುವ ದಿನ ಈ ಮಾತನ್ನು ಬರಹದಲ್ಲಿ ತಿಳಿಸಬೇಕು.

ಗಂಡ ಹೆಂಡತಿಯ ನಡುವೆಯೂ ಒಂದು ತಾರತಮ್ಯವಿದೆ. ಬಾಳಸಂಗಾತಿ ಅಮೆರಿಕದ ಪ್ರಜೆಯಾಗಿದ್ದರೆ ಎಷ್ಟು ಕೊಟ್ಟರೂ, ಬಿಟ್ಟುಹೋದರೂ ತೆರಿಗೆ ಇಲ್ಲ. ಪ್ರಜೆಯಲ್ಲದಿದ್ದರೆ ಆ ರಿಯಾಯಿತಿ ಇಲ್ಲ. ಬದುಕಿರುವಾಗ ಕೊಡುವ ದಾನಕ್ಕೆ ವರ್ಷಕ್ಕೊಂದು ಮಿತಿ, 2025ರಲ್ಲಿ ಅದು 1,90,000 ಡಾಲರ್. ದೊಡ್ಡ ಆಸ್ತಿಯವರು ಗಂಡ ಹೆಂಡತಿ, ತಂದೆತಾಯಿಯ ನಡುವಿನ ಹಂಚಿಕೆಯನ್ನು ಹೊರಡುವ ಮೊದಲೇ ಮುಗಿಸುವುದು ಇದಕ್ಕಾಗಿ. ಆಗ ಕೊಟ್ಟ ಭಾರತದ ಆಸ್ತಿಗೆ ಅಮೆರಿಕದ ದಾನ ತೆರಿಗೆಯ ಮಾತೇ ಇಲ್ಲ. ಆದರೆ ಕೊಟ್ಟದ್ದು ನಿಜವಾಗಿ ಕೊಟ್ಟದ್ದಾಗಿರಬೇಕು. ಅಪ್ಪನ ಹೆಸರಿಗೆ ಮನೆ ಬರೆದು ಬಾಡಿಗೆಯನ್ನು ತನ್ನ ಖಾತೆಗೇ ಹಾಕಿಸಿಕೊಳ್ಳುವುದು ಯೋಜನೆಯಲ್ಲ, ವಂಚನೆ. ಭಾರತದಲ್ಲಿ ಟ್ರಸ್ಟ್ ಮಾಡಿ ಆಸ್ತಿಯನ್ನು ಅದಕ್ಕೆ ಸೇರಿಸಿ ಹೋಗಿ ಎಂದು ಹೇಳುವವರಿದ್ದಾರೆ. ನಿವಾಸಿಯಾಗುವ ಮುಂಚಿನ ಐದು ವರ್ಷದೊಳಗೆ ಅಂಥ ಟ್ರಸ್ಟಿಗೆ ಸೇರಿಸಿದ್ದನ್ನು, ನಿವಾಸಿಯಾದ ದಿನ ಸೇರಿಸಿದಂತೆಯೇ ಅಮೆರಿಕ ಎಣಿಸುತ್ತದೆ. ಸಾಮಾನ್ಯ ಕುಟುಂಬಗಳಿಗೆ ಈ ದಾರಿ ಬೇಡವೇ ಬೇಡ. ಅವಿಭಕ್ತ ಹಿಂದೂ ಕುಟುಂಬ ಎಂಬ ನಮ್ಮ ಘಟಕಕ್ಕೆ ಅಲ್ಲಿ ಸರಿಯಾದ ಜಾಗವೇ ಇಲ್ಲ. ಹೆಸರಿಗೆ ಉಳಿದಿರುವುದನ್ನು ವಿಭಾಗ ಮಾಡಿ ಮುಗಿಸುವುದು ಒಳ್ಳೆಯದು.

ವಿಭಾಗ ಎಂದಾಗ ಮನೆಯ ಹೆಣ್ಣುಮಕ್ಕಳ ಪಾಲು ಮೊದಲು ನೆನಪಾಗಬೇಕು. ಮಗಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕೆಂದು ಕರ್ನಾಟಕ ತನ್ನ ತಿದ್ದುಪಡಿಯನ್ನು 1994ರಲ್ಲಿ ಜಾರಿಗೆ ತಂದಿತು, ಕೇಂದ್ರ 2005ರಲ್ಲಿ ಅದನ್ನೇ ಮಾಡಿತು, ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಇದ್ದ ಗೊಂದಲವನ್ನು ತೆಗೆಯಿತು. ಅಣ್ಣ ಅಮೆರಿಕಕ್ಕೆ, ತಮ್ಮ ಬೆಂಗಳೂರಿಗೆ ಹೋಗಿ, ಪಹಣಿಯಲ್ಲಿ ತಾತನ ಹೆಸರೇ ಉಳಿದ ಜಮೀನುಗಳು ನಮ್ಮಲ್ಲಿ ಬೇಕಾದಷ್ಟಿವೆ. ಪೌತಿ ಖಾತೆ ಮಾಡಿಸಿ, ವಂಶವೃಕ್ಷ ತೆಗೆಸಿ, ಎಲ್ಲರೂ ಒಟ್ಟಿಗೆ ಕೂತು ವಿಭಾಗ ಪತ್ರ ನೋಂದಾಯಿಸಲು ಎಲ್ಲರೂ ಊರಲ್ಲಿರುವಾಗ ಕೆಲವು ವಾರ ಸಾಕು. ಒಬ್ಬರು ದೇಶ ಬಿಟ್ಟ ಮೇಲೆ ಅದೇ ಕೆಲಸ ರಜೆಯಿಂದ ರಜೆಗೆ ವರ್ಷಗಟ್ಟಲೆ ಎಳೆಯುತ್ತದೆ.

ಉಯಿಲಿನ ವಿಷಯದಲ್ಲಿ ಎರಡು ದೇಶಕ್ಕೆ ಎರಡು ಬರೆಯುವುದು ಅನುಭವಿಗಳ ಮಾತು: ಭಾರತದ ಆಸ್ತಿಗೆ ಒಂದು, ಅಮೆರಿಕದ್ದಕ್ಕೆ ಇನ್ನೊಂದು. ಇಲ್ಲಿಯ ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಖಾತೆ ಬದಲಾವಣೆಯ ದಿನ ನೋಂದಾಯಿತ ಪ್ರತಿಗೆ ಇರುವ ಬೆಲೆ ಬಿಳಿ ಹಾಳೆಗೆ ಇಲ್ಲ. ಮುಸ್ಲಿಮರು ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡಲಾಗದು. ಅಪಾಯ ಅಡಗಿರುವುದು ಒಂದು ಸಾಲಿನಲ್ಲಿ. ಅಲ್ಲಿನ ವಕೀಲರ ಸಿದ್ಧ ನಮೂನೆಯ ಮೊದಲ ಪುಟದಲ್ಲೇ, ಇದಕ್ಕೆ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ ಎಂದಿರುತ್ತದೆ. ಅದಕ್ಕೆ ಸಹಿ ಹಾಕಿದ ಕ್ಷಣ ಮೈಸೂರಿನಲ್ಲಿ ನೋಂದಾಯಿಸಿದ ಉಯಿಲು ಸತ್ತುಹೋಗಬಹುದು. ರದ್ದತಿ ಆ ದೇಶದ ಆಸ್ತಿಗಷ್ಟೇ ಎಂದು ಎರಡೂ ಕಡೆ ಸ್ಪಷ್ಟವಾಗಿ ಬರೆಸಬೇಕು. ಚಿಕ್ಕ ಮಕ್ಕಳಿದ್ದರೆ ಪಾಲಕರ ಹೆಸರನ್ನು ಅಮೆರಿಕದ ಉಯಿಲಿನಲ್ಲಿ ಬರೆಯಲೇಬೇಕು. ಅಪ್ಪ ಅಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ಹೋದರೆ ಮಗು ಯಾರ ಬಳಿ ಬೆಳೆಯಬೇಕೆಂದು ತೀರ್ಮಾನಿಸುವುದು ಅಲ್ಲಿನ ರಾಜ್ಯದ ನ್ಯಾಯಾಲಯ. ಹಾಸನದಲ್ಲಿರುವ ಅಜ್ಜಿ ತಾತನ ಬಳಿಗೆ ತಾನಾಗಿ ಬರುವುದಿಲ್ಲ.

ನಾಮಿನಿ ಬರೆಸಿದ್ದೇವಲ್ಲ ಎಂಬ ನೆಮ್ಮದಿ ಪೂರ್ತಿ ಸರಿಯಲ್ಲ. ನಾಮಿನಿ ಹಣ ಪಡೆದುಕೊಳ್ಳುವವನು, ಒಡೆಯನಾಗುವವನು ವಾರಸುದಾರ. ವಿಮೆಯ ವಿಷಯದಲ್ಲಿ 1983ರ ಸರ್ಬತಿ ದೇವಿ ಪ್ರಕರಣದಲ್ಲಿ, ಷೇರುಗಳ ವಿಷಯದಲ್ಲಿ 2023ರ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ವಿಮೆಗೆ 2015ರ ತಿದ್ದುಪಡಿಯಿಂದ ಹತ್ತಿರದ ಬಂಧುಗಳು ನಾಮಿನಿಯಾಗಿದ್ದರೆ ವಿಶೇಷ ಹಕ್ಕು ಬಂದಿದೆ. ಊರಿನ ಕೆಲಸಕ್ಕೆಂದು ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಕೂಡ ಬರೆದವರ ಸಾವಿನೊಂದಿಗೆ ಮುಗಿಯುತ್ತದೆ, ಅದು ಉಯಿಲಿನ ಬದಲಿಯಲ್ಲ. ಹೋದ ಮೇಲೆ ಬರೆದರೆ ರಾಯಭಾರ ಕಚೇರಿಯ ದೃಢೀಕರಣವೋ ಅಪೊಸ್ಟಿಲ್ಲೋ ಬೇಕು, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಹೊರಡುವ ಮೊದಲು ಇಲ್ಲೇ ನೋಂದಾಯಿಸಿ ಹೋದರೆ ಈ ಓಡಾಟ ಉಳಿಯುತ್ತದೆ. ಮಾರಾಟದ ಅಧಿಕಾರ ಬೇಡವಾದರೆ ಬಾಡಿಗೆ, ಕಂದಾಯ, ವಿದ್ಯುತ್ ಬಿಲ್ಲಿಗೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಬರೆಯುವುದು ಲೇಸು.

ಕರಾವಳಿಯಿಂದ ಕೊಲ್ಲಿಗೆ ಹೋಗುವವರ ಸಮಸ್ಯೆ ಬೇರೆ. ಯುಎಇಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಆದರೆ ಖಾತೆದಾರರು ತೀರಿಕೊಂಡರೆ ನ್ಯಾಯಾಲಯದ ಆದೇಶ ಬರುವವರೆಗೆ ಬ್ಯಾಂಕ್ ಖಾತೆ ತಡೆಹಿಡಿಯುತ್ತಾರೆ. ಮುಸ್ಲಿಮೇತರರು ದುಬೈನಲ್ಲಿ, ಅಬುಧಾಬಿಯಲ್ಲಿ ಉಯಿಲು ನೋಂದಾಯಿಸಲು ಈಗ ವ್ಯವಸ್ಥೆ ಇದೆ. ಹೆಂಡತಿಯ ಹೆಸರಿನಲ್ಲಿ ಕೆಲವು ತಿಂಗಳ ಖರ್ಚಿಗೆ ಬೇರೆ ಖಾತೆ ಇರಲೇಬೇಕು.

ಕೊನೆಯದಾಗಿ, ಯಾರೂ ಎಚ್ಚರಿಸದ ಒಂದು ಗುಂಪಿದೆ: ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾದ ಮೇಲೆ ಗ್ರೀನ್ ಕಾರ್ಡ್ ಪಡೆಯುವ ತಂದೆತಾಯಿ. ಮೊಮ್ಮಕ್ಕಳ ಜೊತೆ ಇರಲೆಂದು ಪ್ರೀತಿಯಿಂದ ಮಾಡಿಸುವ ಕಾರ್ಡು ಅದು. ಕಾರ್ಡು ಹಿಡಿದು ಇಳಿದ ದಿನದಿಂದ ಶಿವಮೊಗ್ಗದ ನಿವೃತ್ತ ಮೇಷ್ಟ್ರ ಎಫ್‌ಡಿಗಳು, ಮ್ಯೂಚುವಲ್ ಫಂಡು, ಮೇಲ್ಮನೆಯ ಬಾಡಿಗೆ ಎಲ್ಲಕ್ಕೂ ಮೇಲೆ ಹೇಳಿದ ಅಷ್ಟೂ ನಿಯಮಗಳು ಅನ್ವಯಿಸುತ್ತವೆ. ಚಳಿ ತಾಳಲಾರದೆ ಊರಿಗೆ ಮರಳಿ ಕಾರ್ಡನ್ನು ಬೀರುವಿನಲ್ಲಿಟ್ಟರೆ ತೆರಿಗೆಯ ನಿವಾಸ ತಾನಾಗಿ ಮುಗಿಯುವುದಿಲ್ಲ, ಐ-407 ಫಾರಂ ಕೊಟ್ಟು ಬಿಟ್ಟುಕೊಡಬೇಕು. 15 ವರ್ಷಗಳಲ್ಲಿ 8 ವರ್ಷ ಕಾರ್ಡು ಇದ್ದು, ಆಸ್ತಿ 20 ಲಕ್ಷ ಡಾಲರ್ ದಾಟಿದ್ದರೆ ಬಿಡುವಾಗಲೂ ನಿರ್ಗಮನ ತೆರಿಗೆ ಎದುರಾಗುತ್ತದೆ. ಬೆಂಗಳೂರಿನಲ್ಲಿ ಹಳೆಯ ಮನೆ ಇರುವವರಿಗೆ ಆ ಮೊತ್ತ ದೂರದ್ದಲ್ಲ. ಆರು ತಿಂಗಳು ಸಂದರ್ಶಕ ವೀಸಾದಲ್ಲಿ ಹೋಗಿ ಬರುವುದೇ ಸಾಕಾಗುವ ಹಿರಿಯರಿಗೆ ಗ್ರೀನ್ ಕಾರ್ಡ್ ಮಾಡಿಸುವ ಮೊದಲು ಮಕ್ಕಳು ಎರಡು ಸಲ ಯೋಚಿಸಲಿ.

ಆಗಲೇ ಹೋಗಿ ನೆಲೆಸಿ, ಇದನ್ನೋದಿ ಎದೆ ಧಸಕ್ಕೆಂದವರಿಗೂ ದಾರಿ ಇದೆ. ಬೇಕೆಂದು ಮುಚ್ಚಿಡದೆ ತಿಳಿಯದೆ ಬಿಟ್ಟವರಿಗಾಗಿ ಅಮೆರಿಕದ ತೆರಿಗೆ ಇಲಾಖೆಯ ಸರಳೀಕೃತ ಯೋಜನೆ ಇದೆ. ಮೂರು ವರ್ಷದ ತಿದ್ದಿದ ರಿಟರ್ನ್, ಆರು ವರ್ಷದ ಎಫ್‌ಬಾರ್ ಕೊಟ್ಟು ಸರಿಪಡಿಸಿಕೊಳ್ಳಬಹುದು. ಇಲಾಖೆಯಿಂದ ನೋಟಿಸು ಬಂದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಇನ್ನೂ ಹೊರಡದವರು ಟಿಕೆಟ್ಟಿನ ದಿನಾಂಕ ಗೊತ್ತುಮಾಡುವ ಮೊದಲೇ ಇಲ್ಲಿನ ಒಬ್ಬ ಆಡಿಟರನ್ನೂ, ಎರಡೂ ದೇಶದ ರಿಟರ್ನ್ ಮಾಡಿ ಅನುಭವವಿರುವ ಅಲ್ಲಿನ ಒಬ್ಬ ಲೆಕ್ಕಿಗರನ್ನೂ ಕಾಣಿ. ಕೊಂಡ ಕ್ರಯಪತ್ರ, ಋಣಭಾರ ಪತ್ರ, ಖಾತಾ, ಪಹಣಿಗಳ ದೃಢೀಕೃತ ಪ್ರತಿಗಳನ್ನು ತೆಗೆಸಿ ಒಂದು ಕಟ್ಟು ಊರಲ್ಲಿ ನಂಬಿಕೆಯವರ ಬಳಿ ಇಡಿ, ಇನ್ನೊಂದನ್ನು ಜೊತೆಗೆ ಒಯ್ಯಿರಿ. ಒಂದು ಸಂಜೆ ಒಡಹುಟ್ಟಿದವರನ್ನೆಲ್ಲ ಕೂರಿಸಿಕೊಂಡು ಆಸ್ತಿಯ ಮಾತನ್ನು ಬಾಯಿಬಿಟ್ಟು ಆಡಿ, ಅಪ್ಪ ಅಮ್ಮ ಎದುರಿಗಿರುವಾಗಲೇ.